ನೀರುಗಂಟಿಯ ಕಾವಲು

ಹೊಸೂರು ಹೆದ್ದಾರಿಯ ಬದಿಯಲ್ಲಿ ಕಾರ್ಖಾನೆಗಳಿಂದ ನಿಬಿಡವಾಗಿರುವ ಬೊಮ್ಮಸಂದ್ರವು ಮೂಲತಃ ಆನೇಕಲ್ ತಾಲ್ಲೂಕಿನ ಒಂದು ಕೃಷಿಗ್ರಾಮ. ಹೆಬ್ಬಗೋಡಿ, ಕಮ್ಮಸಂದ್ರಗಳ ಕೆರೆಗಳು ಇಂದಿಗೂ ಅದರ ನೆರೆಯಲ್ಲಿವೆ. ಮಹಾನದಿಗಳಿಲ್ಲದ ಈ ಸೀಮೆಯಲ್ಲಿ ಒಂದು ಕೆರೆಯ ಕೋಡಿಯು ಮತ್ತೊಂದನ್ನು ತುಂಬುವಂತೆ ಪೂರ್ವಿಕರು ರಚಿಸಿದ್ದ ಕೆರೆಗಳ ಶ್ರೇಣಿಯನ್ನು ಕಂಡು, ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯು, ಹೊಸ ಕೆರೆಗೆ ಸ್ಥಳ ದೊರೆಯುವುದೇ ದುಸ್ಸಾಧ್ಯವೆಂದು 1866ರಲ್ಲಿ ಬರೆದನು.

ಆ ಕೆರೆಗಳನ್ನು ಕಾದವನು ನೀರುಗಂಟಿ. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ಸರದಿ, ಮಳೆಯ ರಾತ್ರಿಯಲ್ಲಿ ಏರಿಯ ಯಾವ ಭಾಗ ಜಿನುಗುತ್ತಿದೆ ಎಂಬುದೆಲ್ಲವೂ ಅವನಿಗೆ ಕರಗತವಾಗಿದ್ದಿತು. ಬಹುಮಟ್ಟಿಗೆ ದಲಿತ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದಿದ್ದ ಈ ಕಾಯಕಕ್ಕೆ ಸುಗ್ಗಿಯಲ್ಲಿ ಸಲ್ಲುತ್ತಿದ್ದ ಧಾನ್ಯವೇ ವೇತನ. ಊರನ್ನು ಬದುಕಿಸಿದ ಆ ಜ್ಞಾನಕ್ಕೆ ಊರು ತಕ್ಕ ಗೌರವವನ್ನು ಸಲ್ಲಿಸಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಳವೆಬಾವಿಗಳು ಬಂದ ಮೇಲೆ ನೀರು ಕಣ್ಣಿಗೆ ಕಾಣದಾಯಿತು. ಏರಿಯ ಮೇಲಿನ ಕಾವಲೂ ಸಡಿಲವಾಯಿತು. ಮೊಬೈಲಿನಿಂದ ದೂರದ ಪಂಪನ್ನು ಚಾಲನೆಗೊಳಿಸುವ ಸ್ಟಾರ್ಟರ್ ರೈತನ ನಡುರಾತ್ರಿಯ ನಡಿಗೆಯನ್ನು ತಪ್ಪಿಸಿತಾದರೂ, ನೆಲದಡಿಯಲ್ಲಿ ಉಳಿದಿರುವುದೆಷ್ಟೆಂಬುದನ್ನು ಅದು ಹೇಳಲಾರದು. ಹುಬ್ಬಳ್ಳಿ-ಧಾರವಾಡದಲ್ಲಿ 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಸಂಸ್ಥೆಯು ವಾಲ್ವ್ ತಿರುಗಿಸುವವರಿಂದ ದೂರವಾಣಿಯಲ್ಲಿ ವರ್ತಮಾನ ಪಡೆದು, ನೀರು ಬರುವ ವೇಳೆಯನ್ನು ಮನೆಮನೆಗೆ ಸಂದೇಶದಿಂದ ತಿಳಿಸತೊಡಗಿದಾಗ, ನೀರುಗಂಟಿಯ ವಿದ್ಯೆಯೇ ಹೊಸ ಉಪಕರಣದೊಡನೆ ಮರಳಿದಂತಾಯಿತು. 2019ರಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಾದರೋ, ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಆಯ್ದ ಗ್ರಾಮಗಳಲ್ಲಿ, ಅಂತರ್ಜಲದ ಮಟ್ಟವನ್ನು ಅಳೆಯುವ ಹೊಣೆಯಲ್ಲಿ ಗ್ರಾಮಸ್ಥರನ್ನೇ ಪಾಲುದಾರರನ್ನಾಗಿಸಿತು.