ಮೀಟರ್ ಪಕ್ಕದ ಮೇನ್ ಸ್ವಿಚ್ಚು

ಹೊಸ ಮೀಟರ್ ಬಂದರೆ ಎಲ್ಲರೂ ಬಿಲ್ಲು ನೋಡುತ್ತಾರೆ. ನಾವು ಪಕ್ಕದ ಗೋಡೆ ನೋಡಿದೆವು. ಎಷ್ಟೋ ಹಳೇ ಮನೆಗಳಲ್ಲಿ ಅಲ್ಲಿರುವುದು ಒಂದು ಪಿಂಗಾಣಿ ಫ್ಯೂಸ್, ಅಷ್ಟೇ.

1902ರಲ್ಲಿ ಶಿವನಸಮುದ್ರದ ಕರೆಂಟು ಹೊರಟಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಹಳ್ಳಿಗಳ ಸರದಿ ಬಂದಿದ್ದು ಬಹಳ ತಡವಾಗಿ. ಹೆಚ್ಚಿನ ಊರುಗಳಿಗೆ ಕಂಬ ಬರುವ ಮೊದಲೇ ಕಾನೂನು ಬಂದಿತ್ತು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 50ನೆಯದು ಹೇಳಿದ್ದಿಷ್ಟು: ಕರೆಂಟು ಒಳಗೆ ಬರುವ ಜಾಗಕ್ಕೆ ಆದಷ್ಟು ಹತ್ತಿರ ಲಿಂಕ್ಡ್ ಸ್ವಿಚ್ ಅಥವಾ ಸರ್ಕ್ಯೂಟ್ ಬ್ರೇಕರ್ ಇರಬೇಕು. ಲಿಂಕ್ಡ್ ಅಂದರೆ, ಒಂದೇ ಹಿಡಿ ಎಳೆದರೆ ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೆ ಕಡಿಯಬೇಕು. ಕಬ್ಬಿಣದ ಡಬ್ಬಿಯ ಹಳೇ ಮೇನ್ ಸ್ವಿಚ್ಚು ಮಾಡುತ್ತಿದ್ದುದು ಇದನ್ನೇ.

ಎರಡೂ ಯಾಕೆ? ಫ್ಯೂಸ್ ಕಿತ್ತರೆ ಒಂದೇ ತಂತಿ ಕಡಿಯುತ್ತದೆ. ಯಾರೋ ವೈರಿಂಗ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದ್ದರೆ ದೀಪವೇನೋ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಹಾಗೇ ಇರುತ್ತದೆ. ಬಲ್ಬು ಬಿಚ್ಚಲು ಹೋದವರಿಗೆ ಅದು ಗೊತ್ತಾಗುವುದು ಕೈ ತಗುಲಿದ ಮೇಲೆ.

2025ರಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದೆ. ಅದರೊಳಗೂ ಸ್ವಿಚ್ ಇದೆ, ಆದರೆ ಹಿಡಿತ ಕಂಪನಿಯದು. ಮಳೆಗಾಲದ ರಾತ್ರಿ ನೆನೆದ ಗೋಡೆ ಜುಮ್ಮೆಂದರೆ ನಮ್ಮ ಕೈಗೆ ಸಿಗಬೇಕಾದ್ದು ಹೊರಗಿನ ಸ್ವಿಚ್ಚೇ. ಈಗ ಆ ಕೆಲಸಕ್ಕೆ ಅಂಗೈಗಿಂತ ಚಿಕ್ಕ ಡಬಲ್ ಪೋಲ್ ಐಸೊಲೇಟರ್ ಸಿಗುತ್ತದೆ. ಅದು ತಾನಾಗಿ ಟ್ರಿಪ್ ಆಗುವುದಿಲ್ಲ, ಎಂಸಿಬಿ ಬೇರೆ ಬೇಕು. ಕೂರಿಸುವುದು ಮೀಟರ್ ದಾಟಿದ ಮೇಲೆ, ಮನೆ ಕಡೆಗೆ. ಸೀಲ್ ಮುಟ್ಟಬೇಡಿ. ಲೈನ್‌ಮನ್‌ಗೆ ಹೇಳಿ ಕಂಬದಲ್ಲೇ ಲೈನ್ ತೆಗೆಸಿ, ಲೈಸೆನ್ಸ್ ಇರುವವರಿಂದಲೇ ಹಾಕಿಸಿ.