ಹೂಂಗುಟ್ಟುವ ಪೆಟ್ಟಿಗೆ

ನಮ್ಮ ಅಜ್ಜಿಗೆ ಕಥೆ ಹೇಳುವುದೆಂದರೆ ಪ್ರಾಣ. ಆದರೆ ಅವಳದೊಂದು ಕರಾರು ಇತ್ತು. ಕೇಳುವವರು ಹೂಂಗುಟ್ಟಬೇಕು. ಬೇಸಿಗೆಯ ರಾತ್ರಿ ಹುಲಿಹೈದರದ ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಕೌದಿ ಹಾಸಿಕೊಂಡು ಸಾಲಾಗಿ ಮಲಗಿದ ಆರೇಳು ಮಕ್ಕಳಲ್ಲಿ ಯಾರಾದರೂ ಒಬ್ಬರು ಪ್ರತಿ ಮಾತಿಗೂ ‘ಹೂಂ’ ಅನ್ನಲೇಬೇಕು. ‘ಒಂದೂರಾಗ ಒಬ್ಬ ರಾಜ ಇದ್ದ.’ ‘ಹೂಂ.’ ‘ಅವಗ ಏಳು ಮಂದಿ ಹೆಂಡರು.’ ‘ಹೂಂ.’ ಹೂಂ ನಿಂತಿತೋ, ಕಥೆಯೂ ನಿಂತಿತು. ‘ಮಲಗಿದ್ರೇನ? ಯಾರಿಗೆ ಹೇಳಾಕತ್ತೀನಿ ನಾ, ಗ್ವಾಡಿಗೇನು?’ ಎಂದು ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ತಾನೂ ಮಲಗಿಬಿಡುತ್ತಿದ್ದಳು. ನನ್ನ ತಮ್ಮ ಮಾತ್ರ ಕಿಲಾಡಿ. ಅರೆನಿದ್ದೆಯಲ್ಲೂ ಹೂಂ ಅನ್ನುತ್ತಿದ್ದ. ಬೆಳಿಗ್ಗೆ ಕೇಳಿದರೆ ಕಥೆಯ ತಲೆಬುಡ ಗೊತ್ತಿರುತ್ತಿರಲಿಲ್ಲ.

ಈ ಹೂಂ ಮುಂದೊಂದು ದಿನ ನನ್ನ ಅನ್ನದ ವಿದ್ಯೆಯಾದೀತೆಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ 1990ರಲ್ಲಿ ಬೆಂಗಳೂರಿನ ಒಂದು ಕಚೇರಿಗೆ ಸೇರಿದೆ. ಅಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವ ಒಂದು ಕಂಪ್ಯೂಟರ್ ಇತ್ತು. ಅದರ ಪಕ್ಕದಲ್ಲಿ, ನಮ್ಮ ಮನೆಯ ಅಡಿಕೆಲೆ ಡಬ್ಬಿಗಿಂತ ತುಸು ದೊಡ್ಡದಾದ, ಕೆಂಪು ದೀಪಗಳ ಒಂದು ಪೆಟ್ಟಿಗೆ. ಅದೇ ಮೋಡೆಮ್. ಮುಂಬಯಿಯ ನಮ್ಮ ಇನ್ನೊಂದು ಕಚೇರಿಗೆ ದಿನದ ಲೆಕ್ಕಪತ್ರಗಳನ್ನೆಲ್ಲ ಅದು ಫೋನಿನ ಮೂಲಕ ಕಳಿಸಬೇಕು. ಅದನ್ನು ನೋಡಿಕೊಳ್ಳುವ ಕೆಲಸ, ಹೊಸಬಳೆಂದೋ ಏನೋ, ನನ್ನ ಪಾಲಿಗೆ ಬಂತು.

ಫೋನಿನ ತಂತಿಯನ್ನು ಮನುಷ್ಯರ ದನಿಗೆಂದು ಎಳೆದದ್ದು. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ನಡುವಿನ ಸದ್ದು ಮಾತ್ರ ಅದರಲ್ಲಿ ಹಾಯುತ್ತದೆ. ಕಂಪ್ಯೂಟರಿಗೋ ದನಿಯೇ ಇಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಮೋಡೆಮ್ ಆ ಸೊನ್ನೆ-ಒಂದುಗಳನ್ನು ಸ್ವರವಾಗಿಸಿ ತಂತಿಗೆ ಬಿಡುತ್ತದೆ, ಆಚೆ ತುದಿಯ ಮೋಡೆಮ್ ಸ್ವರವನ್ನು ಮತ್ತೆ ಸೊನ್ನೆ-ಒಂದಾಗಿಸುತ್ತದೆ. ಮೊದಲು ಎರಡೂ ಕೀರಲು ದನಿಯಲ್ಲಿ ಒಂದನ್ನೊಂದು ಕೂಗಿ, ಗುರುತು ಹಿಡಿದು, ಇಬ್ಬರಿಗೂ ಒಗ್ಗುವ ವೇಗವನ್ನು ಗೊತ್ತುಮಾಡಿಕೊಳ್ಳುತ್ತವೆ. ಮುಂದೆ ಮನೆಯಲ್ಲಿ ಇಂಟರ್‌ನೆಟ್ ಹಾಕಿಸಿಕೊಂಡ ನಿಮ್ಮಲ್ಲಿ ಹಲವರು ಆ ಕೂಗನ್ನು ಕೇಳಿರುತ್ತೀರಿ.

1962ರಲ್ಲಿ ಅಮೆರಿಕದಲ್ಲಿ ಬಂದ ಮೋಡೆಮ್ ಸೆಕೆಂಡಿಗೆ 300 ಬಿಟ್ ಸಾಗಿಸುತ್ತಿತ್ತು. ಅಂದರೆ ಸುಮಾರು 30 ಅಕ್ಷರ. 1969ರಲ್ಲಿ ಅಲ್ಲಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಆರಂಭಿಸಿದರು. 1976ರ ಹೊತ್ತಿಗೆ ಅದೇ ಪ್ರಯೋಗಾಲಯದ ಮೈಕ್ ಲೆಸ್ಕ್, ಒಂದು ಯುನಿಕ್ಸ್ ಯಂತ್ರ ಇನ್ನೊಂದಕ್ಕೆ ತಾನೇ ಫೋನು ಮಾಡಿ ಕಡತ ದಾಟಿಸುವ ಯುಯುಸಿಪಿ ಎಂಬ ಏರ್ಪಾಟನ್ನು ಬರೆದರು. ನಮ್ಮೂರಿನ ಬಸ್ಸಿನ ಟಪಾಲು ಚೀಲದ ಹಾಗೆ. ಒಂದು ಊರು ಮುಂದಿನ ಊರಿಗೆ ಕೊಟ್ಟರಾಯಿತು, ಅದು ಅದರ ಮುಂದಿನ ಊರಿಗೆ ಕೊಡುತ್ತದೆ.

ಭಾರತಕ್ಕೆ ಈ ಟಪಾಲು ಬಂದದ್ದು ಅರ್ನೆಟ್ ಯೋಜನೆಯಿಂದ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನೊಡನೆ ಆರಂಭಿಸಿದ ಈ ಜಾಲದಲ್ಲಿ ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ದೆಹಲಿಯ ಇಲಾಖೆ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದವು. 1987ರಲ್ಲಿ ಮುಂಬಯಿಯ ಆ ಕೇಂದ್ರ ಮತ್ತು ಅಲ್ಲಿಯ ಐಐಟಿ ಮಾಮೂಲಿ ಫೋನಿನ ಮೇಲೆ ಮೊದಲ ಮಿಂಚಂಚೆಯನ್ನು ಹಂಚಿಕೊಂಡವು. ಮರುವರ್ಷದ ಹೊತ್ತಿಗೆ ಬೆಂಗಳೂರಿನ ಸಂಸ್ಥೆಯೂ ಹೀಗೇ ಫೋನು ತಿರುಗಿಸಿ ಅಂಚೆ ಪಡೆಯತೊಡಗಿತು. ದೇಶದ ಇಂಟರ್‌ನೆಟ್ಟಿನ ಬೇರು ಇರುವುದು ಈ ಕೀರಲು ಕೂಗಿನಲ್ಲಿ.

ನಮ್ಮ ಕಚೇರಿಯದೂ ಅದೇ ವಿದ್ಯೆ. ಆಗ ಎಸ್‌ಟಿಡಿ ದರ ರಾತ್ರಿ 11ರ ಮೇಲೆ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಬೂತಿನ ಮುಂದೆ ಆ ಹೊತ್ತಿಗೆ ಸಾಲು ನಿಂತವರಿಗೆ ಇದು ನೆನಪಿದ್ದೀತು. ನಮ್ಮ ಕಂಪ್ಯೂಟರೂ ಆ ಹೊತ್ತಿಗೇ ಎದ್ದು ಮುಂಬಯಿಗೆ ಫೋನು ಮಾಡುತ್ತಿತ್ತು. ಬೆಳಿಗ್ಗೆ ಹೋಗಿ ನಾನು ಅದು ಬರೆದಿಟ್ಟ ರಾತ್ರಿಯ ದಿನಚರಿ ಓದುತ್ತಿದ್ದೆ. ಎಷ್ಟು ಹೋಯಿತು, ಎಲ್ಲಿ ಕಡಿಯಿತು, ಎಷ್ಟು ಸಲ ಮತ್ತೆ ಕರೆಯಿತು. ಫೋನಿನ ಬಿಲ್ಲು ನೋಡಿ ಮೇಲಿನವರು ಹುಬ್ಬೇರಿಸುತ್ತಿದ್ದರು. ‘ಬೇಗ ಕಳಿಸೋ ದಾರಿ ನೋಡಮ್ಮ’ ಎಂದರು.

1200 ಬಿಟ್ಟಿನ ಮೋಡೆಮ್‌ನಲ್ಲಿ ಒಂದು ಲಕ್ಷ ಅಕ್ಷರ ಕಳಿಸಲು ಹದಿನಾಲ್ಕು ನಿಮಿಷ ಬೇಕು. 9600ರದಾದರೆ ಎರಡು ನಿಮಿಷದೊಳಗೆ ಮುಗಿಯಬೇಕು. ಆದರೆ ವೇಗದ ಮೋಡೆಮ್ ತಂದು ಕೂರಿಸಿದ ಮಾತ್ರಕ್ಕೆ ವೇಗ ಬರುವುದಿಲ್ಲ ಎಂಬುದು ಅಲ್ಲಿ ತಿಳಿಯಿತು. ಯುಯುಸಿಪಿ ಕಡತವನ್ನು 64 ಅಕ್ಷರಗಳ ಪುಟ್ಟ ಗಂಟುಗಳಾಗಿ ಕಟ್ಟುತ್ತದೆ. ಕೆಲವು ಗಂಟು ಕಳಿಸಿ ಕಾಯುತ್ತದೆ. ಆಚೆಯಿಂದ ‘ಬಂತು, ಸರಿಯಾಗಿದೆ’ ಎಂಬ ಉತ್ತರ ಬಂದರೇ ಮುಂದಿನವು. ತಪ್ಪಾಗಿದ್ದರೆ ಮತ್ತೆ ಅದೇ ಗಂಟು. ಕೈಪಿಡಿಯಲ್ಲಿ ಇದನ್ನು ಓದುತ್ತಾ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇದು ನಮ್ಮ ಅಜ್ಜಿಯ ಹೂಂ! ಕಥೆಗಿಂತ ಹೂಂಗೆ ಕಾಯುವ ಹೊತ್ತೇ ಹೆಚ್ಚಾದರೆ ಬಾಯಿ ಎಷ್ಟು ಚುರುಕಿದ್ದರೇನು?

ಟೆಲೆಬಿಟ್ ಎಂಬ ಅಮೆರಿಕದ ಕಂಪನಿ 1985ರಲ್ಲಿ ತಂದ ಟ್ರೈಲ್‌ಬ್ಲೇಜರ್ ಎಂಬ ಮೋಡೆಮ್ ಇದಕ್ಕೊಂದು ಉಪಾಯ ಹೂಡಿತ್ತು. ಅದು ಫೋನಿನ ಒಂದೇ ತಂತಿಯ ಮೇಲೆ ಐನೂರಕ್ಕೂ ಹೆಚ್ಚು ಸಣ್ಣ ಸ್ವರಗಳನ್ನು ಒಟ್ಟಿಗೆ ಬಿಡುತ್ತಿತ್ತು. ಗದ್ದಲವಿರುವ ಕಡೆಯ ಸ್ವರಗಳನ್ನು ಕೈಬಿಟ್ಟು ಉಳಿದವುಗಳಲ್ಲಿ ಕೆಲಸ ಸಾಗಿಸುತ್ತಿತ್ತು. ನಮ್ಮ ಗರಗರ ತಂತಿಗಳಿಗೆ ಹೇಳಿ ಮಾಡಿಸಿದ ಹಾಗೆ. ಇನ್ನೊಂದು ಉಪಾಯವೆಂದರೆ, ಆಚೆಯ ಊರಿನ ಹೂಂಗೆ ಕಾಯದೆ ಪಕ್ಕದಲ್ಲಿ ಕೂತ ಮೋಡೆಮ್ಮೇ ಕಂಪ್ಯೂಟರಿಗೆ ‘ಹೂಂ, ಹೂಂ’ ಎನ್ನುತ್ತಿತ್ತು. ಕಂಪ್ಯೂಟರ್ ಒಂದೇ ಉಸಿರಿಗೆ ಕಥೆ ಸುರಿದುಬಿಡುತ್ತಿತ್ತು. ನಮ್ಮ ಕಚೇರಿಗೂ ಅಂಥದೊಂದು ಬಂತು. ಅದರ ಎಸ್ 111 ಎಂಬ ಖಾನೆಯಲ್ಲಿ 30 ಎಂದು ಬರೆದರೆ ಸಾಕು, ಅದು ಯುಯುಸಿಪಿಗೆ ಹೂಂಗುಟ್ಟಲು ಕೂರುತ್ತಿತ್ತು.

ಆದರೂ ಮೊದಲ ವಾರ ಕಡತಗಳು ನಡುವೆಯೇ ನಿಂತವು. ತಪ್ಪು ನನ್ನದೇ. ನೀವು ಬೀಸುಕಲ್ಲಿನ ಮುಂದೆ ಕೂತವರಾದರೆ ಸುಲಭವಾಗಿ ತಿಳಿಯುತ್ತದೆ. ಕಂಪ್ಯೂಟರಿನಿಂದ ಮೋಡೆಮ್‌ಗೆ ಮಾತು ಬರುವ ವೇಗವನ್ನು 19200ಕ್ಕೆ ಕಟ್ಟಿದ್ದೆ. ಮೋಡೆಮ್ ತಂತಿಗೆ ಬಿಡುವ ವೇಗ ಅದಕ್ಕಿಂತ ಕಡಿಮೆ, ಗದ್ದಲವಿದ್ದರೆ ಇನ್ನೂ ಕಡಿಮೆ. ಕಲ್ಲು ಬೀಸುವ ಮೊದಲೇ ಬಾಯಿಗೆ ಜೋಳ ಸುರಿದರೆ ಚೆಲ್ಲುತ್ತದೆ. ಬೀಸುವವಳು ‘ತಡಿ’ ಎನ್ನಬೇಕು. ಹಾಗೆನ್ನಲು ಎರಡು ದಾರಿ. ಒಂದು, ಹೋಗುವ ಅಕ್ಷರಗಳ ನಡುವೆಯೇ ‘ತಡಿ’ ಎಂಬ ಅಕ್ಷರವನ್ನೂ ಸೇರಿಸುವುದು. ಇನ್ನೊಂದು, ಅದಕ್ಕೆಂದೇ ಬೇರೆ ಎಳೆ ಇಡುವುದು. ನಾನು ಮೊದಲನೆಯದನ್ನು ಇಟ್ಟಿದ್ದೆ. ಬೀಸುವ ಹಾಡಿನಲ್ಲೇ ‘ತಡಿ’ ಎಂಬ ಪದ ಬಂದರೆ ಅದು ಹಾಡೋ ಆಜ್ಞೆಯೋ ಹೇಗೆ ತಿಳಿಯಬೇಕು? ಲೆಕ್ಕದ ಕಡತದಲ್ಲಿ ಆ ಅಕ್ಷರ ಸಿಕ್ಕಿದೊಡನೆ ಯಂತ್ರ ಕೈಕಟ್ಟಿ ಕೂರುತ್ತಿತ್ತು.

ಎರಡನೆಯ ದಾರಿಗೆ ಬದಲಾಯಿಸಿದರೂ ಆಗಲಿಲ್ಲ. ಕೊನೆಗೆ ಕೇಬಲ್ಲಿನ ತುದಿ ಬಿಚ್ಚಿ ನೋಡಿದರೆ 25 ಸೂಜಿಗಳ ಆ ಕೊಂಡಿಯಲ್ಲಿ ಮೂರೇ ಎಳೆ ಕೂಡಿಸಿದ್ದರು. ‘ಕಳಿಸಲೇ?’ ಎಂದು ಕೇಳುವ ನಾಲ್ಕನೆಯ ಸೂಜಿಗೂ ‘ಕಳಿಸು’ ಎನ್ನುವ ಐದನೆಯ ಸೂಜಿಗೂ ತಂತಿಯೇ ಇಲ್ಲ. ಸೀರೆಯ ಸೆರಗು ಸಿಕ್ಕಿಸಿ, ಬೆಸುಗೆ ಕಾಯಿಸಿ, ಅವೆರಡನ್ನೂ ನಾನೇ ಕೂಡಿಸಿದೆ. ಆ ರಾತ್ರಿಯ ದಿನಚರಿಯಲ್ಲಿ ಒಂದೂ ತಪ್ಪಿರಲಿಲ್ಲ. ಅರ್ಧ ಗಂಟೆಯ ಕೆಲಸ ನಾಲ್ಕೈದು ನಿಮಿಷಕ್ಕೆ ಇಳಿದಿತ್ತು. ಕಚೇರಿಯಲ್ಲಿ ಪೇಡೆ ಹಂಚಿದರು.

1992ರ ಒಂದು ಶುಕ್ರವಾರ ಹಾಸ್ಟೆಲಿನಿಂದ ಹೊರಡುವಾಗ ಹೊಸ ಕಾವಲುಗಾರ ‘ಮೇಡಂ, ರಿಜಿಸ್ಟರಿನಲ್ಲಿ ನಿಮ್ಮದೊಂದು ತಂತಿ ಇದೆ’ ಎಂದ. ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ.’ ಮಂಗಳವಾರ ಗಂಗಾವತಿಯಿಂದ ತಮ್ಮ ಕೊಟ್ಟದ್ದು. ಬುಧವಾರವೇ ಬಂದಿತ್ತು. ಹಳೆಯ ಕಾವಲುಗಾರ ರುಜು ಹಾಕಿ ತೆಗೆದುಕೊಂಡು, ರಿಜಿಸ್ಟರಿನ ಹಾಳೆಗಳ ನಡುವೆ ಇಟ್ಟು, ರಜೆಯ ಮೇಲೆ ಊರಿಗೆ ಹೋಗಿದ್ದ.

ರಾತ್ರಿ ಬಸ್ಸು ಹಿಡಿದು ಗಂಗಾವತಿ, ಅಲ್ಲಿಂದ ಕನಕಗಿರಿ ದಾಟಿ ಹುಲಿಹೈದರ ಮುಟ್ಟುವಾಗ ಶನಿವಾರ ಮಧ್ಯಾಹ್ನ. ಆಗ ನಮ್ಮೂರು ರಾಯಚೂರು ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿತ್ತು. ಅಪ್ಪನ ಮಣ್ಣು ಗುರುವಾರವೇ ಆಗಿತ್ತು. ಅವ್ವ ಅಳಲಿಲ್ಲ. ನನ್ನ ಕೈ ಹಿಡಿದು, ‘ತಂತಿ ಕೊಟ್ಟಿದ್ವಿ. ನೀ ಹೂಂ ಅನಲಿಲ್ಲಲ್ಲವ್ವಾ’ ಎಂದಳು. ಅಷ್ಟೇ.

ಆ ಮಾತು ಬಹಳ ವರ್ಷ ನನ್ನನ್ನು ಸುಟ್ಟಿತು. ಬುಧವಾರವೂ ಗುರುವಾರವೂ ನನ್ನ ಪೆಟ್ಟಿಗೆ ಮುಂಬಯಿಗೆ ಲಕ್ಷಗಟ್ಟಲೆ ಅಕ್ಷರ ದಾಟಿಸಿತ್ತು. ಬೆಳಿಗ್ಗೆ ದಿನಚರಿ ಓದಿ ನಾನು ಹಿಗ್ಗಿದ್ದೆ. ಯಾವ ಊರಿನ ಕಂಪ್ಯೂಟರಿಗೆ ಯಾವ ನಂಬರು ತಿರುಗಿಸಬೇಕೆಂದು ನನ್ನ ಕೈಯಾರೆ ಬರೆದಿಟ್ಟಿದ್ದೆ. ನನ್ನ ಕಚೇರಿಯ ನಂಬರನ್ನು ಮಾತ್ರ ಮನೆಗೆ ಬರೆದು ಕೊಟ್ಟಿರಲಿಲ್ಲ. ಊರಲ್ಲಿ ಫೋನಿಲ್ಲ, ಕೊಟ್ಟು ಏನು ಎಂದುಕೊಂಡಿದ್ದೆ. ಗಂಗಾವತಿಗೆ ಬಂದ ತಮ್ಮ ತಂತಿಯ ಬದಲು ಫೋನು ಮಾಡಬಹುದಿತ್ತಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಟ್ರೈಲ್‌ಬ್ಲೇಜರಿನ ಹೂಂ ನನಗೆ ಪೂರಾ ಅರ್ಥವಾದದ್ದು ಆಮೇಲೆ. ಅದು ಆಚೆಯವರಿಗೆ ತಲುಪುವ ಮೊದಲೇ ಹೂಂ ಎನ್ನುತ್ತದೆ, ನಿಜ. ಆದರೆ ಸುಮ್ಮನೆ ಎನ್ನುವುದಿಲ್ಲ. ಹೂಂ ಎಂದಮೇಲೆ ಆ ಗಂಟು ತನ್ನ ಜವಾಬ್ದಾರಿ ಎಂದು ಹೊರುತ್ತದೆ. ಆಚೆಯ ಮೋಡೆಮ್‌ನಿಂದ ತಾನು ಉತ್ತರ ಪಡೆಯುತ್ತದೆ, ಕೆಟ್ಟರೆ ತಾನೇ ಮತ್ತೆ ಕಳಿಸುತ್ತದೆ. ಗಂಗಾವತಿಯಲ್ಲಿ ತಮ್ಮನಿಗೆ ಸಿಕ್ಕ ರಸೀದಿ ಒಂದು ಹೂಂ. ಕಾವಲುಗಾರನ ರುಜು ಇನ್ನೊಂದು ಹೂಂ. ಎರಡೂ ನಡುವಿನವರ ಹೂಂ. ಕೊನೆಯವನು ಹೂಂ ಎಂದು ಹೊರೆ ಇಳಿಸಿ ಹೋದ. ಮಾಳಿಗೆಯ ಮೇಲೆ ನಿದ್ದೆಗಣ್ಣಲ್ಲಿ ಹೂಂಗುಟ್ಟುತ್ತಿದ್ದ ಹುಡುಗನ ಹಾಗೆ. ಆ ಮನುಷ್ಯನ ಮೇಲೆ ಈಗ ನನಗೆ ಸಿಟ್ಟಿಲ್ಲ. ಕೇಬಲ್ಲಿನಲ್ಲಿ ಎರಡು ಎಳೆ ಇಲ್ಲವೆಂದು ಹುಡುಕಿ ತೆಗೆದವಳಿಗೆ, ನನಗೂ ನಮ್ಮ ಮನೆಗೂ ನಡುವೆ ತಿರುಗಿ ಉತ್ತರಿಸುವ ಎಳೆಯೇ ಇಲ್ಲವೆಂದು ಕಾಣಲಿಲ್ಲವಲ್ಲ.

ಹಳ್ಳಿಗೆ ಆ ಎಳೆ ತಂದವರನ್ನು ಇಲ್ಲಿ ನೆನೆಯಬೇಕು. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಹವಾನಿಯಂತ್ರಣವಿಲ್ಲದೆ ನಮ್ಮ ಬಿಸಿಲಲ್ಲೂ ಧೂಳಲ್ಲೂ ನಡೆಯುವ ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜನ್ನು ಅದು ರೂಪಿಸಿತು. ಅದರ 128 ಕೊಂಡಿಗಳ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಕೂತದ್ದು ನಮ್ಮದೇ ಚೆನ್ನಮ್ಮನ ಕಿತ್ತೂರಿನಲ್ಲಿ. ಅದರ ಮಕ್ಕಳು ಮೊಮ್ಮಕ್ಕಳು ಊರೂರಿಗೆ ಹಬ್ಬಿದ ಮೇಲೆ ನಮ್ಮ ಕಡೆಯೂ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಎದ್ದವು. ಅವ್ವ ರವಿವಾರ ರಾತ್ರಿ ಅಲ್ಲಿ ಬಂದು ಕೂರುವಂತಾಯಿತು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಇಂಟರ್‌ನೆಟ್ಟನ್ನು ಜನಸಾಮಾನ್ಯರಿಗೆ ತೆರೆಯಿತು. ಆಗ ಮನೆಯಿಂದ ಫೋನು ತಿರುಗಿಸಿದವರು ಅಕ್ಷರಗಳಷ್ಟೇ ಕಾಣುವ ಖಾತೆಯಲ್ಲಿ ತಿಳಿಯದೆಯೇ ಯುನಿಕ್ಸ್ ಬಳಸುತ್ತಿದ್ದರು. ಮೋಡೆಮ್‌ಗಳ ವೇಗ 1994ರಲ್ಲಿ 28800ಕ್ಕೂ 1998ರಲ್ಲಿ 56000ಕ್ಕೂ ಏರಿ ಅಲ್ಲಿಗೆ ನಿಂತಿತು. ಆಮೇಲೆ ಬ್ರಾಡ್‌ಬ್ಯಾಂಡ್ ಬಂತು, ಆ ಕೀರಲು ಕೂಗು ಮನೆಗಳಿಂದ ಮಾಯವಾಯಿತು. 1997ರಲ್ಲಿ ನಮ್ಮೂರು ಕೊಪ್ಪಳ ಜಿಲ್ಲೆಗೆ ಸೇರಿತು, ಈಗ ತಾಲ್ಲೂಕು ಕನಕಗಿರಿ. 2013ರ ಜುಲೈಯಲ್ಲಿ ದೇಶದ ತಂತಿ ಸೇವೆಯೂ ಮುಗಿಯಿತು. ಆ ಸುದ್ದಿ ಓದಿದ ದಿನ ಟ್ರಂಕಿನ ತಳದಲ್ಲಿಟ್ಟಿದ್ದ ಆ ಹಳೆಯ ಕಾಗದವನ್ನು ತೆಗೆದು ನೋಡಿ ಮತ್ತೆ ಮಡಿಸಿಟ್ಟೆ.

ಈಗ ನನ್ನ ಸೊಸೆಯಂದಿರು ಫೋನಿನಲ್ಲಿ ಎರಡು ನೀಲಿ ಗೆರೆ ತೋರಿಸಿ ‘ಓದಿದಾರತ್ತೆ, ಗೊತ್ತಾಗೇದ’ ಎನ್ನುತ್ತಾರೆ. ಆ ಗೆರೆ ಯಂತ್ರದ ಹೂಂ, ಮನುಷ್ಯರದಲ್ಲ ಎಂದು ನಾನು ಹೇಳಿದರೆ ನಗುತ್ತಾರೆ. ಅವ್ವನಿಗೆ ಎಂಬತ್ತು ದಾಟಿದೆ. ಹುಲಿಹೈದರದಿಂದ ದಿನಾ ಸಂಜೆ ಫೋನು ಮಾಡುತ್ತಾಳೆ. ನಾನು ಕೆಲಸದ ನಡುವೆ ಹೂಂ, ಹೂಂ ಎನ್ನುತ್ತಿದ್ದರೆ ಅವಳಿಗೆ ತಕ್ಷಣ ತಿಳಿಯುತ್ತದೆ. ‘ಬರೇ ಹೂಂ ಅನಬ್ಯಾಡ. ನಾ ಏನಂದೆ, ಹೇಳು ನೋಡೂಣು’ ಎನ್ನುತ್ತಾಳೆ.

ನಾನು ಅವಳ ಮಾತನ್ನು ತಿರುಗಿ ಹೇಳುತ್ತೇನೆ. ಆಮೇಲೆಯೇ ಅವಳು ಫೋನು ಇಡುತ್ತಾಳೆ.