ಜಿದ್ದಾದ ಆಚೆಗಿನ ನಡಿಗೆ

ಭದ್ರಾವತಿಯ ಹಳೇನಗರದಲ್ಲಿ ನಮ್ಮ ಅಜ್ಜಿಯ ತಂದೆಯನ್ನು ಜನ ‘ಪೈದಲ್ ಹಾಜಿ’ ಎಂದೇ ಕರೆಯುತ್ತಿದ್ದರಂತೆ. ಚಿಕ್ಕಂದಿನಲ್ಲಿ ಆ ಹೆಸರು ಕೇಳಿದಾಗಲೆಲ್ಲ, ಅವರು ಭದ್ರಾ ಹೊಳೆಯ ದಂಡೆಯಿಂದಲೇ ಹೆಗಲಿಗೊಂದು ಗಂಟು ಹಾಕಿಕೊಂಡು ಮಕ್ಕಾದವರೆಗೆ ನಡೆದು ಹೋದರೆಂದು ನಾವು ನಂಬಿದ್ದೆವು. ನಡುವೆ ಸಮುದ್ರವಿದೆಯಲ್ಲ ಎಂಬ ಸಂಶಯ ಹುಟ್ಟಿದ್ದು ಶಾಲೆಯಲ್ಲಿ ಭೂಪಟ ನೋಡಿದ ಮೇಲೆ. ಅಜ್ಜಿಯನ್ನು ಕೇಳಿದರೆ ಅವರು ನಕ್ಕುಬಿಟ್ಟರು. ರೈಲಿನಲ್ಲಿ ಹೋದರು, ಜಹಾಜಿನಲ್ಲಿ ಹೋದರು, ನಡೆದದ್ದು ಜಿದ್ದಾದಿಂದ ಆಚೆಗೆ ಎಂದರು. ಯಾಕೆ ನಡೆದರು ಎಂದರೆ ಎರಡೇ ಮಾತು: ‘ಪೈಸೇ ಖಲಾಸ್.’

ಕಾಲ್ನಡಿಗೆಯ ಹಜ್ಜ್ ಎಂದೊಡನೆ ನಮ್ಮ ಸಮಾಜದಲ್ಲಿ ಒಂದು ಬಗೆಯ ಭಾವುಕತೆ ಉಕ್ಕುತ್ತದೆ. 2022ರ ಜೂನ್ 2ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಶಿಹಾಬ್ ಚೊಟ್ಟೂರು ಮನೆಯಿಂದ ನಡೆದು ಹೊರಟಾಗ ಅದನ್ನು ಕಂಡೆವು. ಅವರು ಮಂಗಳೂರು, ಉಡುಪಿ ದಾಟುವಾಗ ನಮ್ಮ ಬೀದಿಯ ಹುಡುಗರು ಬೈಕುಗಳಲ್ಲಿ ಆಗುಂಬೆ ಘಾಟಿ ಇಳಿದು, ಕೈಕುಲುಕಿ ಬಂದರು. ಆ ಯುವಕನ ಸಂಕಲ್ಪವನ್ನು ನಾವು ಕಿರಿದು ಮಾಡುವವರಲ್ಲ. ಆದರೆ ನಮ್ಮಂಥ ಊರುಗಳಿಂದ ಹೋಗಿ ಹಿಂದೆ ನಡೆದವರ ಕಥೆ ಬೇರೆಯದು. ಅವರು ನಡೆದದ್ದು ಹರಕೆಯಿಂದಲ್ಲ, ಒಂಟೆಯ ಬಾಡಿಗೆ ಕೊಡಲಾಗದೆ.

ಸಮುದ್ರ ದಾಟುವುದೇ ಒಂದು ಕಾಲದಲ್ಲಿ ದೊಡ್ಡ ಸಾಹಸವಾಗಿತ್ತು. ಹಾಯಿಹಡಗುಗಳ ಕಾಲದಲ್ಲಿ ಗಾಳಿ ಬೀಸಿದ ತಿಂಗಳಲ್ಲೇ ಹೊರಡಬೇಕು. ಗಾಳಿ ಪ್ರತಿವರ್ಷ ಅದೇ ಋತುವಿಗೆ ಬರುತ್ತದೆ, ಹಜ್ಜ್ ಮಾತ್ರ ಚಾಂದ್ರಮಾನದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಎರಡೂ ಕೂಡಿ ಬರದ ವರ್ಷ ಯಾತ್ರಿಕರು ತಿಂಗಳುಗಟ್ಟಲೆ ಅರಬಸ್ತಾನದಲ್ಲೇ ಕಾಯಬೇಕಾಗುತ್ತಿತ್ತು. ಅಷ್ಟು ದಿನದ ಊಟ, ವಸತಿಗೆ ಹಣ ಬೇಕಲ್ಲ! 16ನೇ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರವನ್ನು ಹಿಡಿದ ಮೇಲೆ ಅವರ ಪರವಾನಗಿ ಚೀಟಿಯಿಲ್ಲದೆ ಹಡಗು ಹೊರಡುವಂತಿರಲಿಲ್ಲ. ಆ ಚೀಟಿಯಲ್ಲಿ ಮರಿಯಮ್ ಮತ್ತು ಈಸಾರ ಚಿತ್ರವಿರುತ್ತದೆ, ಭೂಮಾರ್ಗವೋ ಇರಾನಿನ ಮೂಲಕ ಹಾದುಹೋಗುತ್ತದೆ. ಆದ್ದರಿಂದ ಹಿಂದುಸ್ತಾನದವರಿಗೆ ಹಜ್ಜ್ ಕಡ್ಡಾಯವಲ್ಲ ಎಂದು ಅಕ್ಬರನ ಕಾಲದಲ್ಲಿ ಫತ್ವಾ ಕೊಟ್ಟವರೂ ಇದ್ದರು. ಕಾಗದದ ತೊಡಕು ಇಂದು ನಿನ್ನೆಯದಲ್ಲ.

ಉಗಿಹಡಗು ಬಂದ ಮೇಲೆ ಗಾಳಿಯ ಹಂಗು ತಪ್ಪಿತು. ಬಡವರೂ ಹೊರಡುವಂತಾಯಿತು. 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಬಂದದ್ದರಿಂದ ನಮ್ಮ ಬೆಂಕಿಪುರಕ್ಕೂ (ಭದ್ರಾವತಿಯ ಹಳೆಯ ಹೆಸರು ಇದೇ) ಬೊಂಬಾಯಿಯ ದಾರಿ ತೆರೆಯಿತು. ಬೀರೂರಿನಲ್ಲಿ ಗಾಡಿ ಬದಲಿಸಿ ಹುಬ್ಬಳ್ಳಿ, ಪುಣೆ, ಅಲ್ಲಿಂದ ಬೊಂಬಾಯಿ. ಆದರೆ ಬೊಂಬಾಯಿಯಲ್ಲಿ ದಲ್ಲಾಳಿಗಳ ಕಾಟ, ಹಡಗು ಯಾವಾಗ ಹೊರಡುತ್ತದೆಂದು ತಿಳಿಯದೆ ಮುಸಾಫಿರ್‌ಖಾನಾದಲ್ಲಿ ಕಳೆಯುವ ದಿನಗಳು, ಡೆಕ್ಕಿನ ಮೇಲೆ ಕುರಿಗಳಂತೆ ತುಂಬಿದ ಜನ. 1880ರಲ್ಲಿ ‘ಜೆದ್ದಾ’ ಎಂಬ ಹಡಗಿಗೆ ನೀರು ನುಗ್ಗಿದಾಗ, ಒಂಬೈನೂರಕ್ಕೂ ಹೆಚ್ಚು ಯಾತ್ರಿಕರನ್ನು ನಡುಗಡಲಲ್ಲಿ ಬಿಟ್ಟು ಅದರ ಯುರೋಪಿಯನ್ ಕಪ್ತಾನನೂ ಅಧಿಕಾರಿಗಳೂ ದೋಣಿ ಹತ್ತಿ ಪಾರಾದರು. ಹಡಗು ಮುಳುಗಲಿಲ್ಲ, ಇನ್ನೊಂದು ಹಡಗು ಅದನ್ನು ಏಡನ್‌ಗೆ ಎಳೆದು ತಂದಿತು. 1886ರಲ್ಲಿ ಸರಕಾರವು ಥಾಮಸ್ ಕುಕ್ ಕಂಪನಿಗೆ ಹಜ್ಜ್ ಪ್ರಯಾಣದ ವ್ಯವಸ್ಥೆ ವಹಿಸಿತು. ಏಳು ವರ್ಷಕ್ಕೆ ಅದೂ ಕೈಬಿಟ್ಟಿತು. 1897ರಲ್ಲಿ ಪ್ಲೇಗಿನ ದೆಸೆಯಿಂದ ಬೊಂಬಾಯಿಯ ಹಜ್ಜ್ ಯಾನವೇ ನಿಂತಿತು.

ನಮ್ಮ ಪೈದಲ್ ಹಾಜಿ ಹೊರಟದ್ದು ಇದಾಗಿ ಮೂವತ್ತು ವರ್ಷಗಳ ಮೇಲೆ, 1920ರ ದಶಕದ ಕೊನೆಗೆ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಬೇಕಾದದ್ದು ಇದ್ದಿಲು. ಕಾಡಿನಿಂದ ಸೌದೆ, ಇದ್ದಿಲು ಹೊರುವ ಎತ್ತಿನ ಗಾಡಿ ಅವರದು. ಒಂದು ಜೊತೆ ಎತ್ತು ಮಾರಿ ಹಣ ಹೊಂದಿಸಿದರು. ಊರೆಲ್ಲ ತಿರುಗಿ ಕಂಡವರಲ್ಲಿ ಮಾಫಿ ಕೇಳಿದರು, ಸಾಲ ತೀರಿಸಿದರು, ಕಫನ್ ಬಟ್ಟೆಯನ್ನು ಟ್ರಂಕಿನಲ್ಲಿ ಇಟ್ಟುಕೊಂಡರು. ಮರಳುವ ಭರವಸೆ ಯಾರಿಗೂ ಇರುತ್ತಿರಲಿಲ್ಲ.

ಕೈಯಲ್ಲಿ ಕಾಸಿಲ್ಲದೆ ಹಿಜಾಝ್‌ನಲ್ಲಿ ಸಿಕ್ಕಿಬೀಳುವ ಯಾತ್ರಿಕರನ್ನು ಮರಳಿ ತರುವ ಖರ್ಚು ಸರಕಾರದ ಮೇಲೆ ಬೀಳುತ್ತಿತ್ತು. ಹಾಗಾಗಿ 1920ರ ದಶಕದ ಮಧ್ಯದಲ್ಲಿ, ಹೋಗಿಬರುವ ಟಿಕೆಟನ್ನು ಮೊದಲೇ ಕೊಳ್ಳಬೇಕು ಅಥವಾ ಅಷ್ಟು ಹಣ ಠೇವಣಿ ಇಡಬೇಕು ಎಂಬ ಕಾನೂನು ಬಂತು. ನ್ಯಾಯವಾದ ಕಾನೂನೇ. ಆದರೆ ಅದರ ಇನ್ನೊಂದು ಮುಖವನ್ನು ನೋಡಿ: ಎತ್ತು ಮಾರಿದ ಹಣದ ದೊಡ್ಡ ಪಾಲು ಬೊಂಬಾಯಿಯಲ್ಲೇ ಟಿಕೆಟಿಗೆ ಹೋಯಿತು. ಮನೆಗೆ ಮರಳುವುದು ಖಾತ್ರಿಯಾಯಿತು, ಜಿದ್ದಾದಿಂದ ಮುಂದೆ ಹೋಗುವುದಕ್ಕೆ ಏನೂ ಉಳಿಯಲಿಲ್ಲ.

ದಾರಿಯಲ್ಲಿ ಕಮರಾನ್ ದ್ವೀಪ. 1865ರ ಹಜ್ಜ್‌ನಿಂದ ಹರಡಿದ ಕಾಲರಾ ಯುರೋಪನ್ನು ಬೆಚ್ಚಿಬೀಳಿಸಿದ ಮೇಲೆ, 1882ರಲ್ಲಿ ತುರ್ಕರು ಯಮನ್ ಬಳಿಯ ಈ ದ್ವೀಪದಲ್ಲಿ ಕ್ವಾರಂಟೈನ್ ತೆರೆದರು. ಆಮೇಲೆ ಅದು ಬ್ರಿಟಿಷರ ಕೈಗೆ ಬಂದು, 1952ರವರೆಗೆ ನಡೆಯಿತು. ಯಾತ್ರಿಕರನ್ನು ಇಳಿಸಿ, ಸ್ನಾನ ಮಾಡಿಸಿ, ಉಟ್ಟ ಬಟ್ಟೆಯನ್ನು ಹಬೆಗೆ ಹಾಕುತ್ತಿದ್ದರು. ಪರದೆಯ ಹೆಂಗಸರಿಗೆ ಅದೆಷ್ಟು ಮುಜುಗರವೋ!

ಜಿದ್ದಾದಿಂದ ಮಕ್ಕಾ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಒಂಟೆಯ ಮೇಲಾದರೆ ಎರಡು ರಾತ್ರಿಯ ಹಾದಿ. ಆ ವೇಳೆಗೆ ಮೋಟಾರುಗಳೂ ಬಂದಿದ್ದವು, ಉಳ್ಳವರಿಗೆ. ಇಬ್ನ್ ಸೌದ್ ಹಿಜಾಝನ್ನು ವಶಪಡಿಸಿಕೊಂಡ ಮೇಲೆ ದರೋಡೆಯ ಭಯ ಕಡಿಮೆಯಾಗಿತ್ತು ಎಂಬುದೇ ನಡೆಯುವವರ ಪುಣ್ಯ. ನಮ್ಮ ಹಿರಿಯರು ಹಗಲು ನೆರಳು ಹುಡುಕಿ ಮಲಗಿ, ರಾತ್ರಿ ಒಂಟೆಗಳ ಸಾಲಿನ ಹಿಂದೆ ನಡೆದರು. ಮಕ್ಕಾದಿಂದ ಅರಫಾತ್‌ಗೆ ಸುಮಾರು 20 ಕಿಲೋಮೀಟರ್, ಅದೂ ಕಾಲ್ನಡಿಗೆಯೇ. ಮದೀನಾ 450 ಕಿಲೋಮೀಟರ್ ದೂರ. ಅಲ್ಲಿಗೆ ಅವರು ಹೋಗಲೇ ಇಲ್ಲ. ಮದೀನಾ ಸಂದರ್ಶನ ಹಜ್ಜ್‌ನ ಭಾಗವಲ್ಲ ಎಂದು ಧರ್ಮಶಾಸ್ತ್ರ ಹೇಳುತ್ತದೆ, ಸರಿ. ಆದರೆ ಅಷ್ಟು ದೂರ ಹೋಗಿ ಪ್ರವಾದಿವರ್ಯರ(ಸ) ಊರನ್ನು ನೋಡದೆ ಬಂದ ಸಂಕಟಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಮನೆಯಲ್ಲಿ ಯಾರಾದರೂ ಮದೀನಾದ ಮಾತೆತ್ತಿದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು.

ಕುರ್‌ಆನಿನ ಹಜ್ಜ್ ಅಧ್ಯಾಯದಲ್ಲಿ ಕಾಲ್ನಡಿಗೆಯಲ್ಲಿ ಬರುವವರ ಪ್ರಸ್ತಾಪ ಮೊದಲು, ಬಡಕಲು ಒಂಟೆಗಳ ಮೇಲೆ ಬರುವವರದು ನಂತರ. ಆದರೂ ಸಾಮರ್ಥ್ಯ ಇಲ್ಲದವನಿಗೆ ಹಜ್ಜ್ ಕಡ್ಡಾಯವಲ್ಲ ಎಂಬುದು ಸರ್ವಸಮ್ಮತ. ಆ ಸಾಮರ್ಥ್ಯ ಯಾವುದು ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಶಿಹಾಬ್ ಅವರ ಕಾಲುಗಳಿಗೆ ದಣಿವಿರಲಿಲ್ಲ, ಪಾಕಿಸ್ತಾನದ ವೀಸಾ ಸಿಗದೆ ಪಂಜಾಬಿನಲ್ಲಿ ತಿಂಗಳುಗಟ್ಟಲೆ ನಿಂತರು; 2023ರ ಫೆಬ್ರವರಿಯಲ್ಲಿ ಗಡಿ ದಾಟಿ, ಜೂನ್‌ನಲ್ಲಿ ಮಕ್ಕಾ ಮುಟ್ಟಿದರು. ಮುಂದಿನ ವರ್ಷ, 2024ರ ಜೂನ್‌ನಲ್ಲಿ, ಉಷ್ಣತೆ 51 ಡಿಗ್ರಿ ದಾಟಿದಾಗ ಮಕ್ಕಾದಲ್ಲಿ 1,301 ಯಾತ್ರಿಕರು ತೀರಿಕೊಂಡರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ಶೇಕಡಾ 83ರಷ್ಟು ಜನ ಪರವಾನಗಿ ಇಲ್ಲದವರು. ನೆರಳಿಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರು ಎಂದೂ ಆ ಪ್ರಕಟಣೆಯಲ್ಲಿತ್ತು. ಅಧಿಕೃತ ಪ್ಯಾಕೇಜಿನ ಹಣ ಹೊಂದಿಸಲಾಗದೆ ಅಡ್ಡದಾರಿ ಹಿಡಿದ ಬಡವರು ಅವರಲ್ಲಿ ಬಹಳ. ಓದುವಾಗ ನಮಗೆ ಪೈದಲ್ ಹಾಜಿ ನೆನಪಾದರು.

ಬೊಂಬಾಯಿಯ ಹಡಗು ಯಾನ 1995ರಲ್ಲಿ ನಿಂತಿತು. ಅದಕ್ಕೂ ಎಷ್ಟೋ ಮೊದಲು ಅವರು ಹೋಗಿಬಿಟ್ಟಿದ್ದರು. ಬದುಕಿದ್ದಷ್ಟು ದಿನ, ಊರಿನಿಂದ ಯಾರು ಹಜ್ಜ್‌ಗೆ ಹೊರಟರೂ ಸ್ಟೇಷನ್ನಿಗೆ ಹೋಗಿ ಅವರ ತೋಳಿಗೆ ಇಮಾಮ್ ಜಾಮಿನ್ ಕಟ್ಟುತ್ತಿದ್ದರಂತೆ. ಇಂದಿನ ನಮ್ಮ ಉಲೇಮಾಗಳು ಒಪ್ಪದ ಪದ್ಧತಿ ಅದು. ಬಟ್ಟೆಯೊಳಗೆ ಒಂದು ಬೆಳ್ಳಿ ರೂಪಾಯಿ ಇರುತ್ತಿತ್ತು. ಕಟ್ಟುವಾಗ ದುಆದ ಜೊತೆಗೆ ಒಂದು ಮಾತು ಹೇಳುತ್ತಿದ್ದರು: ‘ಇದನ್ನ ಬೊಂಬಾಯಿನಾಗೆ ಬಿಚ್ಚಬ್ಯಾಡಪ್ಪ, ಜಿದ್ದಾ ದಾಟಿದ ಮ್ಯಾಲೆ ಬಿಚ್ಚು.’